ವಿಂಡೋಸ್ 7 ಇರುವ ಡಿಟಿಪಿ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಸೂಕ್ತ? ಹಾಕಲು ಹೋದರೆ ‘ಡಿಜಿಟಲ್ ಸಹಿ ಪರಿಶೀಲಿಸಲಾಗಲಿಲ್ಲ’ ಎನ್ನುತ್ತದೆ

ಅಚ್ಚುಮನೆ:

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಕಡೆ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಬುಕ್ ಮತ್ತು ಜಾತ್ರೆಯ ಕರಪತ್ರಗಳೇ ನಮ್ಮ ಮುಖ್ಯ ಕೆಲಸ. ಡಿಟಿಪಿಗೆ ಬಳಸುತ್ತಿರುವುದು 32 ಬಿಟ್‌ನ ವಿಂಡೋಸ್ 7 ಇರುವ, 2 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರು. ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸ ತಂತ್ರಾಂಶ ಮತ್ತು ನುಡಿಯ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡ ಅಕ್ಷರದ ರೂಪ ಕೊಟ್ಟ) ಫಾಂಟುಗಳಲ್ಲಿ ಮಾಡಿದ ಹದಿನಾಲ್ಕು ವರ್ಷಗಳ ಫೈಲುಗಳು ಅದರಲ್ಲಿವೆ. ನಮ್ಮ ಪ್ರಿಂಟರಿಗೆ ಹೊಸ ವಿಂಡೋಸಿನ ಡ್ರೈವರ್ ಸಿಗುವುದಿಲ್ಲವಾದ್ದರಿಂದ ಸದ್ಯಕ್ಕೆ ಇದನ್ನು ಬಿಡುವಂತಿಲ್ಲ.

ಕಳೆದ ವಾರ ಗ್ರಾಹಕರೊಬ್ಬರು ತಂದ ಪೆನ್‌ಡ್ರೈವ್ ಹಾಕಿದಾಗ ಅದರಲ್ಲಿದ್ದ ಫೋಲ್ಡರುಗಳೆಲ್ಲ ಅವೇ ಹೆಸರಿನ ಶಾರ್ಟ್‌ಕಟ್‌ಗಳಾಗಿ ಕಂಡವು. ಪ್ರತಿಯೊಂದರ ಮೂಲೆಯಲ್ಲೂ ಸಣ್ಣ ಬಾಣದ ಗುರುತಿತ್ತು. ಗಡಿಬಿಡಿಯಲ್ಲಿ ನಾನು ಒಂದನ್ನು ತೆರೆದುಬಿಟ್ಟೆ. ಫೋಲ್ಡರ್ ಎಂದಿನಂತೆಯೇ ತೆರೆಯಿತು, ಆದರೆ ಅಂದಿನಿಂದ ನಮ್ಮ ಯಂತ್ರಕ್ಕೆ ಹಾಕಿದ ಪ್ರತಿ ಪೆನ್‌ಡ್ರೈವಿಗೂ ಅದೇ ಗತಿಯಾಗುತ್ತಿದೆ. ನಿನ್ನೆ ಬೇರೊಬ್ಬರ ಮದುವೆ ಫೋಟೋಗಳಿದ್ದ ಪೆನ್‌ಡ್ರೈವ್ ನಮ್ಮಿಂದಾಗಿಯೇ ಹೀಗಾಯಿತು. ಅವರ ಮುಂದೆ ನಿಂತು ಮಾತನಾಡಲು ನನಗೆ ಬಾಯಿ ಬರಲಿಲ್ಲ.

ಮೊದಲಿನಿಂದ ಇದ್ದ ಉಚಿತ ಆಂಟಿವೈರಸ್ ಆದ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್‌ನ ಗುರುತು ಈಗ ಕೆಂಪಾಗಿದೆ. ಪೇಟೆಯಿಂದ ಒಂದು ವರ್ಷದ ಲೈಸೆನ್ಸ್ ಇರುವ ಆಂಟಿವೈರಸ್ ತಂದು ಹಾಕಲು ಹೋದರೆ ‘ಡಿಜಿಟಲ್ ಸಹಿ ಪರಿಶೀಲಿಸಲಾಗಲಿಲ್ಲ’ ಎಂದು ಅರ್ಧಕ್ಕೇ ನಿಲ್ಲುತ್ತದೆ. ಉಚಿತವಾಗಿ ಸಿಗುವ ಇನ್ನೊಂದನ್ನು ಹಾಕಿ ನೋಡಿದೆ, ಅದೂ ಹಾಗೆಯೇ ನಿಂತಿತು. ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು: ರಾತ್ರಿ ಮೇನ್ ಸ್ವಿಚ್ ಆರಿಸಿ ಬಾಗಿಲು ಹಾಕುತ್ತೇವೆ, ಬೆಳಿಗ್ಗೆ ಕಂಪ್ಯೂಟರಿನ ದಿನಾಂಕ 2009ರ ಜನವರಿ 1 ಆಗಿರುತ್ತದೆ. ನೆನಪಾದಾಗ ಸರಿಪಡಿಸುತ್ತೇನೆ.

ಯಾವ ಆಂಟಿವೈರಸ್ ತೆಗೆದುಕೊಳ್ಳಲಿ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಕೆರೆದಂಡೆ:

ನಮ್ಮಲ್ಲಿಯೂ ಇಂಥದೇ ಯಂತ್ರವಿದೆ. ಎಸೆನ್ಷಿಯಲ್ಸ್ ಇದ್ದಂತೆಯೇ ಇರಲಿ, ಅದರ ಜೊತೆಗೆ ಎರಡು ಉಚಿತ ಆಂಟಿವೈರಸ್‌ಗಳನ್ನು ಹಾಕಿಕೊಳ್ಳಿ. ಒಂದರ ಕಣ್ಣಿಗೆ ಬೀಳದ್ದು ಇನ್ನೊಂದಕ್ಕೆ ಬೀಳುತ್ತದೆ.

ಹೊಸ್ತಿಲು:

ಕೆರೆದಂಡೆಯವರು ಸಹಾಯದ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಈ ಸಲಹೆಯನ್ನು ಪಾಲಿಸಬೇಡಿ. ಸದಾ ಕಾವಲಿರುವ ಎರಡು ಆಂಟಿವೈರಸ್‌ಗಳು ಒಂದೇ ಫೈಲನ್ನು ಒಂದೇ ಕ್ಷಣದಲ್ಲಿ ಹಿಡಿದು ಪರೀಕ್ಷಿಸಲು ಹೋಗಿ ಪರಸ್ಪರ ಅಡ್ಡಿಯಾಗುತ್ತವೆ. 2 ಜಿಬಿ ರ‍್ಯಾಮಿನಲ್ಲಿ ಪೇಜ್‌ಮೇಕರ್ ತೆರೆಯುವುದೇ ಕಷ್ಟವಾಗುತ್ತದೆ. ಎಸೆನ್ಷಿಯಲ್ಸ್ ಅನ್ನೂ ನೆಚ್ಚಬೇಡಿ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ಮುಗಿದಾಗಲೇ ಅದರ ಕಾಲವೂ ಮುಗಿಯಿತು. ವಿಂಡೋಸ್ 7ರಲ್ಲಿ ಹುಟ್ಟಿನಿಂದಲೇ ಇರುವ ಡಿಫೆಂಡರ್ ಬೇಹುಗಾರ ತಂತ್ರಾಂಶಗಳನ್ನು ಮಾತ್ರ ನೋಡುವಂಥದ್ದು. ವಿಂಡೋಸ್ 10ರಲ್ಲಿರುವ ಅದೇ ಹೆಸರಿನ ಪೂರ್ಣ ಆಂಟಿವೈರಸ್ ಅದಲ್ಲ.

ಅಚ್ಚುಮನೆಯವರೇ, ನೀವು ಕೊನೆಯಲ್ಲಿ ಸಂಕೋಚದಿಂದ ಬರೆದ ದಿನಾಂಕದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಮದರ್‌ಬೋರ್ಡಿನಲ್ಲಿ ಒಂದು ರೂಪಾಯಿ ನಾಣ್ಯದಂಥ ದುಂಡನೆಯ ಬ್ಯಾಟರಿ ಇರುತ್ತದೆ, ಅದರ ಸಂಖ್ಯೆ ಸಾಮಾನ್ಯವಾಗಿ ಸಿಆರ್ 2032. ವಿದ್ಯುತ್ ಪೂರ್ತಿ ಇಲ್ಲದಿರುವಾಗ ಗಡಿಯಾರವನ್ನು ನಡೆಸುವುದು ಅದೇ. ನೀವು ಪ್ರತಿ ರಾತ್ರಿ ಮೇನ್ ಆರಿಸುವುದರಿಂದ ಅದರ ಮೇಲೆ ಭಾರ ಹೆಚ್ಚು ಬಿದ್ದು ಈಗ ಅದು ಸತ್ತಿದೆ. ತಂತ್ರಾಂಶದ ಡಿಜಿಟಲ್ ಸಹಿಯ ಹಿಂದೆ ಒಂದು ಪ್ರಮಾಣಪತ್ರವಿದ್ದು, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಅದಕ್ಕೆ ಮಾನ್ಯತೆ. ನಿಮ್ಮ ಕಂಪ್ಯೂಟರು ತಾನಿನ್ನೂ 2009ರಲ್ಲಿದ್ದೇನೆ ಎಂದು ತಿಳಿದಿರುವಾಗ, ಇತ್ತೀಚಿನ ಪ್ರಮಾಣಪತ್ರವೆಲ್ಲವೂ ಇನ್ನೂ ಹುಟ್ಟದ ಪತ್ರವಾಗಿ ಅದಕ್ಕೆ ಕಾಣುತ್ತದೆ. ಬ್ಯಾಟರಿ ಬದಲಾಯಿಸಿ ದಿನಾಂಕವನ್ನು ಸರಿಪಡಿಸುವವರೆಗೆ ಬೇರೆ ಏನನ್ನೂ ಪ್ರಯತ್ನಿಸಬೇಡಿ.

ಅಷ್ಟರಿಂದಲೇ ದೋಷ ಹೋಗದಿದ್ದರೆ ಎರಡನೆಯ ಕಾರಣವಿದೆ. ಮೊದಲು ಸಹಿಗಳಿಗೆ ಎಸ್‌ಎಚ್‌ಎ-1 ಎಂಬ ಗಣಿತ ಕ್ರಮ ಬಳಕೆಯಲ್ಲಿತ್ತು. ಅದು ದುರ್ಬಲವೆಂದು ತಿಳಿದ ಮೇಲೆ ಎಲ್ಲರೂ ಎಸ್‌ಎಚ್‌ಎ-2ಕ್ಕೆ ಹೋದರು, 2019ರಿಂದ ಮೈಕ್ರೋಸಾಫ್ಟ್ ಕೂಡ ವಿಂಡೋಸ್ 7ರ ಅಪ್‌ಡೇಟ್‌ಗಳಿಗೆ ಅದನ್ನೇ ಕಡ್ಡಾಯ ಮಾಡಿತು. ಆ ಕಾಲದ ಅಪ್‌ಡೇಟ್ ಹಾಕಿಕೊಳ್ಳದ ಯಂತ್ರಕ್ಕೆ ಹೊಸ ಸಹಿಯನ್ನು ಓದಲು ಬರುವುದಿಲ್ಲ. ‘ಕಂಪ್ಯೂಟರ್’ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ, ಅಲ್ಲಿ ಸರ್ವಿಸ್ ಪ್ಯಾಕ್ 1 ಎಂದು ಇರಬೇಕು. ಇದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಮೊದಲು ಕೆಬಿ 4490628 (ಕೆಬಿ ಎಂಬುದು ಅಪ್‌ಡೇಟಿನ ಗುರುತು ಸಂಖ್ಯೆ), ಅನಂತರ ಕೆಬಿ 4474419, ಇದೇ ಅನುಕ್ರಮದಲ್ಲಿ ಹಾಕಿ, ಪ್ರತಿ ಸಲವೂ ರೀಸ್ಟಾರ್ಟ್ ಮಾಡಿ. ಕೊನೆಗೆ 2020ರ ಜನವರಿಯ ಕೆಬಿ 4534310 ಹಾಕಿದರೆ, ಸಾಮಾನ್ಯ ಬಳಕೆದಾರರಿಗೆ ಬೆಂಬಲ ಮುಗಿದ ದಿನದವರೆಗಿನ ಮಾಸಿಕ ತಿದ್ದುಪಡಿಗಳು ಒಟ್ಟಿಗೆ ಬರುತ್ತವೆ. ನಿಮ್ಮದು 32 ಬಿಟ್ ಆಗಿರುವುದರಿಂದ ಕ್ಯಾಟಲಾಗ್‌ನಲ್ಲಿ ಎಕ್ಸ್86 ಎಂದಿರುವ ಕಡತವನ್ನೇ ಆರಿಸಿಕೊಳ್ಳಿ.

ಇನ್ನು ನಿಮ್ಮ ಮೂಲ ಪ್ರಶ್ನೆ. ಆಂಟಿವೈರಸ್ ಯಾವುದು ಎನ್ನುವುದಕ್ಕಿಂತ ಮೊದಲು, ನಿಮ್ಮ ಪ್ರೆಸ್ಸಿಗೆ ಕಾಯಿಲೆ ಯಾವ ಬಾಗಿಲಿನಿಂದ ಬರುತ್ತದೆ ಎಂಬುದನ್ನು ನೋಡಬೇಕು. ಆಂಟಿವೈರಸ್ ಮುಖ್ಯವಾಗಿ ಫೈಲುಗಳನ್ನು ಪರೀಕ್ಷಿಸುತ್ತದೆಯೇ ಹೊರತು ವಿಂಡೋಸಿನ ಗೋಡೆಯಲ್ಲಿರುವ ಬಿರುಕನ್ನು ಮುಚ್ಚುವುದಿಲ್ಲ. 2017ರ ಮೇ 12ರಂದು ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ವೈರಸ್ ಯಾರೂ ಯಾವ ಫೈಲನ್ನೂ ತೆರೆಯದಿದ್ದರೂ ನೆಟ್‌ವರ್ಕ್ ಮೂಲಕ ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹೋಯಿತು, ಮತ್ತು ಅದಕ್ಕೆ ಸಿಕ್ಕಿದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳೇ ಆಗಿದ್ದವು. ಆ ಬಿರುಕಿಗೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿ ತಿದ್ದುಪಡಿ ಕೊಟ್ಟಿತ್ತು, ಹಾಕಿಕೊಂಡವರು ಉಳಿದರು. ಇಂದು ವಿಂಡೋಸ್ 7ರಲ್ಲಿ ಅಂಥದೊಂದು ಹೊಸ ಬಿರುಕು ಸಿಕ್ಕಿದರೆ ನಿಮಗೆ ತಿದ್ದುಪಡಿ ಬರುತ್ತದೆ ಎಂದು ಎಣಿಸುವಂತಿಲ್ಲ. ಆದ್ದರಿಂದ ಅಂತರ್ಜಾಲದ ಬಾಗಿಲನ್ನು ಮುಚ್ಚಿಯೇಬಿಡಿ: ಆ ಯಂತ್ರದ ನೆಟ್ ಕೇಬಲ್ ತೆಗೆಯಿರಿ. ವಾಟ್ಸ್ಯಾಪ್‌ನಲ್ಲಿ ಬರುವ ಮ್ಯಾಟರನ್ನೂ ಮಿಂಚಂಚೆಯನ್ನೂ ಫೋನಿನಲ್ಲಿ ಅಥವಾ ಬೇರೆ ಯಂತ್ರದಲ್ಲಿ ನೋಡಿ. ಹೇಗಿದ್ದರೂ ಕ್ರೋಮ್ ವಿಂಡೋಸ್ 7ಕ್ಕೆ 109ನೇ ಆವೃತ್ತಿಯಲ್ಲೇ ನಿಂತಿದೆ, ಫೈರ್‌ಫಾಕ್ಸ್ 115ರಲ್ಲಿ ನಿಂತಿದೆ.

ಆಮೇಲೆ ಉಳಿಯುವುದು ಪೆನ್‌ಡ್ರೈವಿನ ಬಾಗಿಲು ಒಂದೇ. ಅದನ್ನು ಕಾಯಲು ಬೇಕಾದ ಆಂಟಿವೈರಸ್‌ಗೆ ಎರಡು ಗುಣಗಳಿದ್ದರೆ ಸಾಕು. ಮೊದಲನೆಯದು, ಕಂಪನಿಯು ತನ್ನ ಅಗತ್ಯಗಳ ಪಟ್ಟಿಯಲ್ಲಿ ವಿಂಡೋಸ್ 7 ಸರ್ವಿಸ್ ಪ್ಯಾಕ್ 1, 32 ಬಿಟ್ ಎಂದು ಇಂದಿಗೂ ಸ್ಪಷ್ಟವಾಗಿ ನಮೂದಿಸಿರಬೇಕು. ಅಂಗಡಿಯವರು ಬಾಯಿಮಾತಿನಲ್ಲಿ ನಡೆಯುತ್ತದೆ ಎಂದರೆ ಸಾಲದು. ಎರಡನೆಯದು, ವೈರಸ್ ಪಟ್ಟಿಯ ಅಪ್‌ಡೇಟನ್ನು ಬೇರೆ ಯಂತ್ರದಲ್ಲಿ ಇಳಿಸಿಕೊಂಡು ಫೈಲಿನ ರೂಪದಲ್ಲಿ ತಂದು ಹಾಕುವ ಅನುಕೂಲವಿರಬೇಕು. ಪುಣೆಯ ಕ್ವಿಕ್ ಹೀಲ್ ಇಂಥ ಆಫ್‌ಲೈನ್ ಅಪ್‌ಡೇಟ್ ಕೊಡುತ್ತದೆ, ಚೆನ್ನೈನ ಕೆ7 ಅನ್ನೂ ವಿಚಾರಿಸಬಹುದು. ಕ್ಲಾಮ್‌ವಿನ್ ಉಚಿತವಾದರೂ ಸದಾ ಕಾವಲಿರುವುದಿಲ್ಲ, ನಾವಾಗಿ ಪರೀಕ್ಷಿಸು ಎಂದಾಗ ಮಾತ್ರ ನೋಡುತ್ತದೆ. ಹಾಗಾಗಿ ನಿಮ್ಮಂಥ ಕಡೆಗೆ ಅದೊಂದೇ ಸಾಲದು. ಬ್ಯಾಂಕಿಂಗ್ ರಕ್ಷಣೆ, ಮಕ್ಕಳ ನಿಯಂತ್ರಣ ಮುಂತಾದ ಹೆಚ್ಚುವರಿ ಸೌಲಭ್ಯಗಳಿಗೆ ಹಣ ಕೊಡಬೇಡಿ. ನೆಟ್ ಇಲ್ಲದ ಯಂತ್ರದಲ್ಲಿ ಅವು ರ‍್ಯಾಮ್ ತಿನ್ನುವುದಕ್ಕೆ ಮಾತ್ರ ಇರುತ್ತವೆ.

ಈಗಾಗಲೇ ಒಳಗೆ ಸೇರಿರುವುದನ್ನು ತೆಗೆಯದೆ ಆಂಟಿವೈರಸ್ ಹಾಕಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ‘ಡಬ್ಲ್ಯುಸ್ಕ್ರಿಪ್ಟ್’ ಎಂಬ ಹೆಸರು ಓಡುತ್ತಿದೆಯೇ ನೋಡಿ ಇಲ್ಲಿ ತಿಳಿಸಿ. ಅದು ಸ್ಕ್ರಿಪ್ಟ್ ಫೈಲುಗಳನ್ನು ಓಡಿಸುವ ವಿಂಡೋಸಿನದೇ ಪ್ರೋಗ್ರಾಂ, ಇಂಥ ವೈರಸ್ ಅದರ ಮೂಲಕ ಓಡುವುದುಂಟು. ಏನನ್ನೂ ಅಳಿಸುವ ಮೊದಲು, ಪೇಜ್‌ಮೇಕರ್ ಫೈಲುಗಳನ್ನು ಒಂದು ಡಿವಿಡಿಗೆ ಬರೆದಿಟ್ಟುಕೊಳ್ಳಿ.

ಅಚ್ಚುಮನೆ:

ಸರ್, ತುಂಬ ಧನ್ಯವಾದಗಳು. ಬ್ಯಾಟರಿ ಬದಲಾಯಿಸಿದೆ. ರಾತ್ರಿ ಮೇನ್ ಆರಿಸಿ ಬೆಳಿಗ್ಗೆ ನೋಡಿದರೆ ದಿನಾಂಕ ಸರಿಯಾಗಿಯೇ ಇತ್ತು. ಸಹಿಯ ದೋಷ ಮಾತ್ರ ಹೋಗಲಿಲ್ಲ. ಸರ್ವಿಸ್ ಪ್ಯಾಕ್ 1 ಇದೆ. ನೀವು ಹೇಳಿದ ಡಬ್ಲ್ಯುಸ್ಕ್ರಿಪ್ಟ್ ಪಟ್ಟಿಯಲ್ಲಿದೆ; ನಿಲ್ಲಿಸಿದರೂ ರೀಸ್ಟಾರ್ಟ್ ಆದ ಮೇಲೆ ಮತ್ತೆ ಬರುತ್ತದೆ. ಅಪ್‌ಡೇಟ್ ಫೈಲುಗಳನ್ನು ತರಲು ಪೆನ್‌ಡ್ರೈವ್ ಹಾಕಿದರೆ ಅದೂ ಕೆಡುತ್ತದೆಯಲ್ಲ, ಏನು ಮಾಡಲಿ?

ಹೊಸ್ತಿಲು:

ಒಳ್ಳೆಯ ಪ್ರಶ್ನೆ. ಒಮ್ಮೆ ಬರೆದು ಮುಚ್ಚಿದ ಡಿವಿಡಿಗೆ ವೈರಸ್ ತನ್ನನ್ನು ಸೇರಿಸಿಕೊಳ್ಳಲಾರದು. ಆದ್ದರಿಂದ ಸೋಂಕಿಲ್ಲದ ಬೇರೊಂದು ಯಂತ್ರದಲ್ಲಿ ಎರಡು ಡಿವಿಡಿ ಮಾಡಿ: ಒಂದರಲ್ಲಿ ಮೂರು ಕೆಬಿ ಫೈಲುಗಳು, ಆಂಟಿವೈರಸ್ ಮತ್ತು ಅದರ ಆಫ್‌ಲೈನ್ ಅಪ್‌ಡೇಟ್ ಇರಲಿ, ಇನ್ನೊಂದು ಕ್ಯಾಸ್ಪರ್‌ಸ್ಕೀ ರೆಸ್ಕ್ಯೂ ಡಿಸ್ಕ್ (ವಿಂಡೋಸ್ ಇಲ್ಲದೆಯೇ ತಾನಾಗಿ ಓಡಿ ವೈರಸ್ ಹುಡುಕುವ ಉಚಿತ ಡಿಸ್ಕ್) ಆಗಿರಲಿ. ಎರಡನೆಯದರಿಂದಲೇ ಕಂಪ್ಯೂಟರನ್ನು ಬೂಟ್ ಮಾಡಿ, ಅಂದರೆ ಚಾಲೂ ಮಾಡಿ. ಆಗ ವಿಂಡೋಸ್ ಎಚ್ಚರಗೊಳ್ಳುವುದೇ ಇಲ್ಲ, ಅದರೊಳಗಿನ ವೈರಸ್ಸೂ ಓಡುವುದಿಲ್ಲ, ಮಲಗಿರುವ ಫೈಲುಗಳನ್ನು ಹೊರಗಿನಿಂದ ನಿಧಾನವಾಗಿ ಪರೀಕ್ಷಿಸಬಹುದು. ವೈರಸ್ ಪಟ್ಟಿ ಹೊಸದಾಗಲು ಆ ಡಿಸ್ಕಿನೊಳಗಿರುವಾಗ ಮಾತ್ರ ನೆಟ್ ಕೇಬಲ್ ಹಾಕಿ, ಮುಗಿದ ಕೂಡಲೇ ತೆಗೆಯಿರಿ.

ಗ್ರಾಹಕರ ಪೆನ್‌ಡ್ರೈವಿನಲ್ಲಿರುವ ಫೋಟೋಗಳು ಹೋಗಿವೆ ಎಂದು ಗಾಬರಿಯಾಗಬೇಡಿ, ಅವು ಬಹುಮಟ್ಟಿಗೆ ಅಲ್ಲಿಯೇ ಇರುತ್ತವೆ. ಈ ಜಾತಿಯ ವೈರಸ್ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟು, ಅದನ್ನು ಒತ್ತಿದಾಗ ಮೊದಲು ತಾನು ಓಡಿ ಬಳಿಕ ಫೋಲ್ಡರನ್ನೂ ತೆರೆದು ತೋರಿಸುತ್ತದೆ; ಅದಕ್ಕಾಗಿಯೇ ನಿಮಗೆ ಅಂದು ಅನುಮಾನ ಬರಲಿಲ್ಲ. ಯಂತ್ರ ಶುದ್ಧವಾದ ಮೇಲೆ ‘ಫೋಲ್ಡರ್ ಆಪ್ಷನ್ಸ್’ನಲ್ಲಿ ಅಡಗಿದ ಫೈಲುಗಳನ್ನು ತೋರಿಸು ಎಂಬುದನ್ನು ಆರಿಸಿ, ಸಿಸ್ಟಂ ಫೈಲುಗಳನ್ನು ಅಡಗಿಸು ಎಂಬುದರ ಗುರುತನ್ನು ತೆಗೆಯಿರಿ. ಫೋಟೋಗಳಿರುವ ಫೋಲ್ಡರು ಮಸುಕು ಬಣ್ಣದಲ್ಲಿ ಕಾಣುತ್ತದೆ. ಅಲ್ಲಿಯೇ ಫೈಲಿನ ಹೆಸರಿನ ಬಾಲವನ್ನು (ಎಕ್ಸ್‌ಟೆನ್ಷನ್) ಅಡಗಿಸುವ ಆಯ್ಕೆಯನ್ನೂ ತೆಗೆದುಬಿಡಿ. ಪಿಡಿಎಫ್ ಚಿತ್ರ ಹೊತ್ತು ಬಂದ ಲಗ್ನಪತ್ರಿಕೆಯ ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ (ಪ್ರೋಗ್ರಾಂ ಎಂಬ ಗುರುತು) ಎಂದಿದ್ದರೆ ಆಗ ಕಣ್ಣಿಗೆ ಬೀಳುತ್ತದೆ.

ಮುಂದಕ್ಕೆ ಒಂದು ವ್ಯವಸ್ಥೆ ಮಾಡಿಕೊಳ್ಳಿ. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿ ಕೌಂಟರಿನ ಬಳಿ ಇಡಿ. 32 ಬಿಟ್ ಯಂತ್ರವಾದರೆ ಡೆಬಿಯನ್ 12 ಎಂಬ ಲಿನಕ್ಸ್ ನಡೆಯುತ್ತದೆ. ಗ್ರಾಹಕರ ಪೆನ್‌ಡ್ರೈವ್ ಅದಕ್ಕೆ ಮಾತ್ರ ಹೋಗಬೇಕು. ವಿಂಡೋಸಿಗಾಗಿ ಬರೆದ ಶಾರ್ಟ್‌ಕಟ್ ವೈರಸ್ ಅಲ್ಲಿ ಓಡುವುದಿಲ್ಲ, ಅಡಗಿಸಿದ ಫೋಲ್ಡರೂ ನೇರವಾಗಿ ಕಾಣುತ್ತದೆ. ಅಲ್ಲಿ ಕ್ಲಾಮ್‌ಎವಿ ಎಂಬ ಉಚಿತ ಆಂಟಿವೈರಸ್‌ನಿಂದ ಪರೀಕ್ಷಿಸಿ, ಬೇಕಾದ ಚಿತ್ರ ಮತ್ತು ಪಿಡಿಎಫ್‌ಗಳನ್ನಷ್ಟೇ ನಿಮ್ಮದೇ ಒಂದು ಪೆನ್‌ಡ್ರೈವಿಗೆ ತೆಗೆದುಕೊಂಡು ಒಳಗಿನ ಯಂತ್ರಕ್ಕೆ ಒಯ್ಯಿರಿ. ಆಂಟಿವೈರಸ್ ಏನೇ ಹಿಡಿದರೂ ಬಿಟ್ಟರೂ ಈ ಹೊಸ್ತಿಲೇ ನಿಮ್ಮನ್ನು ಹೆಚ್ಚು ಕಾಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ತೂಕದಕಟ್ಟೆ:

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಅಕ್ಕಿ ಗಿರಣಿಯ ಲಾರಿ ತೂಕದ ಯಂತ್ರಕ್ಕೆ ಜೋಡಿಸಿರುವುದು ವಿಂಡೋಸ್ ಎಕ್ಸ್‌ಪಿ. ಅದಕ್ಕೂ ಇದೇ ಕ್ರಮವೇ?

ಹೊಸ್ತಿಲು:

ಎಕ್ಸ್‌ಪಿಗೆ ಬೆಂಬಲ ಮುಗಿದದ್ದು 2014ರ ಏಪ್ರಿಲ್ 8ರಂದು, ಅವಾಸ್ಟ್ ಕೂಡ ತನ್ನ 18.8ನೇ ಆವೃತ್ತಿಯ ನಂತರ ಅದಕ್ಕೆ ಹೊಸದನ್ನು ಕೊಡಲಿಲ್ಲ. ಅಲ್ಲಿ ಆಂಟಿವೈರಸ್ ಹುಡುಕುತ್ತ ಕಾಲ ಕಳೆಯಬೇಡಿ. ನೆಟ್ ತೆಗೆಯಿರಿ, ತೂಕದ ಚೀಟಿ ಮುದ್ರಿಸುವುದನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಅದನ್ನು ಬಳಸಬೇಡಿ, ಪೆನ್‌ಡ್ರೈವ್ ಹಾಕಲು ಯಾರಿಗೂ ಬಿಡಬೇಡಿ, ಮತ್ತು ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಬಳಸಿ ಇಡೀ ಹಾರ್ಡ್‌ಡಿಸ್ಕಿನ ಪ್ರತಿಯೊಂದನ್ನು ತೆಗೆದಿಡಿ.

ಅಚ್ಚುಮನೆ:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ರೆಸ್ಕ್ಯೂ ಡಿಸ್ಕ್ ರಾತ್ರಿಯಿಡೀ ಓಡಿ, ಸ್ಟಾರ್ಟಪ್ ಫೋಲ್ಡರಿನಲ್ಲಿ ಅಡಗಿದ್ದ ಸ್ಕ್ರಿಪ್ಟ್ ಫೈಲನ್ನೂ ಅದರ ಎರಡು ಪ್ರತಿಗಳನ್ನೂ ತೆಗೆದುಹಾಕಿತು. ಡಬ್ಲ್ಯುಸ್ಕ್ರಿಪ್ಟ್ ಮತ್ತೆ ಕಾಣಿಸಿಲ್ಲ. 4490628 ಮತ್ತು 4474419 ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ, ಅಂದು ಅರ್ಧಕ್ಕೆ ನಿಂತಿದ್ದ ಅದೇ ಆಂಟಿವೈರಸ್ ಮರುಮಾತಿಲ್ಲದೆ ಕೂತುಕೊಂಡಿತು. ಎಸೆನ್ಷಿಯಲ್ಸ್ ಅನ್ನು ಮೊದಲೇ ತೆಗೆದಿದ್ದೆ. ಪೂರ್ಣ ಪರೀಕ್ಷೆಯನ್ನು ಮಧ್ಯಾಹ್ನ ಊಟದ ವೇಳೆಗೆ ಇಟ್ಟಿರುವುದರಿಂದ ಪೇಜ್‌ಮೇಕರ್ ಕೆಲಸಕ್ಕೆ ತೊಂದರೆಯಾಗುತ್ತಿಲ್ಲ.

ಮದುವೆ ಫೋಟೋಗಳು ಒಂದೂ ಬಿಡದೆ ಸಿಕ್ಕಿದವು. ಅವುಗಳನ್ನು ಹೊಸ ಪೆನ್‌ಡ್ರೈವಿಗೆ ಹಾಕಿ, ನಾನೇ ಅವರ ಮನೆಗೆ ಹೋಗಿ ಕೊಟ್ಟು ಬಂದೆ. ಮಗನ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿ ಕೌಂಟರಿನಲ್ಲಿಟ್ಟಿದ್ದೇನೆ. ನಿನ್ನೆ ಒಂದೇ ದಿನದಲ್ಲಿ ಬಂದ ಏಳು ಪೆನ್‌ಡ್ರೈವ್‌ಗಳಲ್ಲಿ ಎರಡರಲ್ಲಿ ಆ ಬಾಣದ ಗುರುತಿನ ಶಾರ್ಟ್‌ಕಟ್‌ಗಳಿದ್ದವು. ಒಂದು ಸಂದೇಹ ಉಳಿದಿದೆ. ಹಳೆಯ ಆಸ್ಕಿ ಫೈಲುಗಳನ್ನು ಇಂದಿನ ಸಾರ್ವತ್ರಿಕ ಅಕ್ಷರ ಸಂಕೇತವಾದ ಯುನಿಕೋಡಿಗೆ ಬದಲಾಯಿಸಿಕೊಂಡರೆ ಪೇಜ್‌ಮೇಕರಿನಲ್ಲೇ ಮುಂದುವರಿಯಬಹುದೇ?

ಹೊಸ್ತಿಲು:

ಆಗುವುದಿಲ್ಲ, ಪೇಜ್‌ಮೇಕರಿಗೆ ಯುನಿಕೋಡ್ ತಿಳಿಯದು. ಹಳೆಯ ಫೈಲುಗಳನ್ನು ಅಲ್ಲಿಯೇ ಇರಗೊಟ್ಟು, ಹೊಸ ಕೆಲಸಗಳನ್ನು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಸ್ಕ್ರೈಬಸ್ 1.6 ಎಂಬ ಉಚಿತ ಪುಟವಿನ್ಯಾಸ ತಂತ್ರಾಂಶದಲ್ಲಿ ಯುನಿಕೋಡ್ ಫಾಂಟಿನಿಂದ ಮಾಡಿ ನೋಡಿ. ಮೊದಲ ಪ್ರಯೋಗಕ್ಕೆ ಲಗ್ನಪತ್ರಿಕೆ ಬೇಡ, ಬಿಲ್ ಬುಕ್ಕಿನ ಒಂದು ಪುಟ ಸಾಕು. ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಪಿಡಿಎಫ್ ಮಾಡಿ, ಕಾಗದದ ಮೇಲೆ ಮುದ್ರಿಸಿ ನೋಡಿ ತಿಳಿಸಿ.