ಅಪ್‌ಡೇಟ್: ನಥಿಂಗ್ ಫೋನ್ 2ಎ ತಗೊಂಡೆ

ಈ ಫೋನಿನ ಹಿಂಬದಿಯ ಲೈಟು ಸುಮ್ನೆ ಶೋಕಿಗಾ, ಉಪಯೋಗಕ್ಕೂ ಬರುತ್ತಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಕೊನೆಗೂ ತಗೊಂಡೆ, ಮೂರು ವಾರ ಆಯಿತು.

ಫೋನನ್ನು ಬೋರಲು ಇಟ್ಟರೆ ಕರೆ ಬಂದಾಗ ಸದ್ದಾಗುವುದಿಲ್ಲ, ಲೈಟು ಮಾತ್ರ ಮಿನುಗುತ್ತದೆ. ಅಮ್ಮನ ಕರೆಗೆ ಬೇರೆಯೇ ಮಿನುಗು ಇಟ್ಟಿದ್ದೇನೆ. ಆದರೆ ಜಾಸ್ತಿ ಹಿಡಿಸಿದ್ದು ಟೈಮರ್. ಅನ್ನಕ್ಕಿಟ್ಟು ಫೋನನ್ನು ಕಟ್ಟೆ ಮೇಲೆ ಮಲಗಿಸುತ್ತೇನೆ. ಸಮಯ ಕಳೆದ ಹಾಗೆ ಕ್ಯಾಮೆರಾ ಪಕ್ಕದ ಬಾಗಿದ ಲೈಟು ಚೂರುಚೂರೇ ಕರಗುತ್ತಾ ಬರುತ್ತದೆ. ಆಗ ನಿಮ್ಮಲ್ಲಿ ಒಬ್ಬರು ಈ ಲೈಟನ್ನು ಹಬ್ಬದ ಸೀರಿಯಲ್ ಸೆಟ್ ಅಂತ ಕಾಲೆಳೆದಿದ್ದಿರಿ ಅಲ್ವಾ, ಪರವಾಗಿಲ್ಲ!

6.7 ಇಂಚಿನ ಪರದೆ, 120 ಹರ್ಟ್ಸ್, ಅಂದರೆ ಚಿತ್ರ ಸೆಕೆಂಡಿಗೆ 120 ಸಲದವರೆಗೆ ಹೊಸದಾಗುತ್ತದೆ. ಸ್ಕ್ರೋಲ್ ಮಾಡುವುದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. 5000 ಎಂಎಎಚ್ ಬ್ಯಾಟರಿ ನನಗೆ ರಾತ್ರಿವರೆಗೂ ಸಾಕು. ಬಾಕ್ಸಿನಲ್ಲಿ ಕೇಬಲ್ ಮಾತ್ರ, 45 ವಾಟಿನ ಚಾರ್ಜರ್ ಬೇರೆ ತಗೊಂಡೆ.

ತಗೊಳ್ಳುವವರು ಪಾರದರ್ಶಕ ಕವರ್ ಹಾಕಿ. ನಾನು ಮೊದಲು ಕಪ್ಪು ಕವರ್ ಹಾಕಿ, ಲೈಟು ಎಲ್ಲಿ ಹೋಯಿತು ಅಂತ ಹುಡುಕಿದ್ದೆ.