ಸಹಾಯ ಬೇಕು: ಹಾಸನದಲ್ಲಿ ಪಿಕ್ ಲೈನ್ ಡ್ರೆಸ್ಸಿಂಗ್ ಗೊತ್ತಿರುವ ನರ್ಸ್

ಎಲ್ಲರಿಗೂ ನಮಸ್ಕಾರ. ಮಗಳಿಗೆ 27 ವರ್ಷ. ಬೆಂಗಳೂರಿನಲ್ಲಿ ಕೀಮೋ ಮುಗಿಸಿ ಹಾಸನದ ಮನೆಗೆ ಬಂದಿದ್ದಾಳೆ, ತೋಳಿನ ಪಿಕ್ ಲೈನ್ (ಔಷಧಿ ಕೊಡಲು ತೋಳಿನ ರಕ್ತನಾಳದೊಳಗೆ ಹಾಕಿದ ಉದ್ದನೆಯ ತೆಳು ಕೊಳವೆ) ಇನ್ನೂ ತೆಗೆದಿಲ್ಲ. ವಾರಕ್ಕೊಮ್ಮೆ ಮನೆಗೆ ಬಂದು ಡ್ರೆಸ್ಸಿಂಗ್ ಬದಲಿಸಿ, ಸಲೈನ್ ಹಾಯಿಸಿ ಕೊಳವೆ ಫ್ಲಶ್ ಮಾಡುವವರು ಬೇಕು. ಬರೀ ಇಂಜೆಕ್ಷನ್ ಕೊಡಲು ಬಂದರೆ ಸಾಲದು.

ಫ್ಲಶ್ ಮಾಡಲು 10 ಎಂಎಲ್ ಸಿರಿಂಜೇ ಆಗಬೇಕು, ಸಣ್ಣದರಲ್ಲಿ ಒತ್ತಡ ಹೆಚ್ಚಿ ಕೊಳವೆ ಸೀಳಬಹುದು. ಸಲೈನ್ ತಡೆದು ತಡೆದು ತಳ್ಳಬೇಕು, ಬಿಗಿ ಅನ್ನಿಸಿದರೆ ಬಲ ಹಾಕಬಾರದು. ಹಳೇ ಡ್ರೆಸ್ಸಿಂಗ್ ಅನ್ನು ಮೊಣಕೈ ಕಡೆಯಿಂದ ಭುಜದತ್ತ ಬಿಡಿಸಬೇಕು, ಉಲ್ಟಾ ಎಳೆದರೆ ಲೈನೇ ಹೊರಬರುತ್ತೆ. ಆ ಕೈಗೆ ಬಿಪಿ ಪಟ್ಟಿ ಕಟ್ಟುವಂತಿಲ್ಲ. ಸ್ಟೆರೈಲ್ ಗ್ಲೌಸ್, ಚರ್ಮ ಶುಚಿ ಮಾಡುವ ಕ್ಲೋರ್‌ಹೆಕ್ಸಿಡಿನ್ ಎಲ್ಲಾ ನಾವೇ ತಂದಿಡ್ತೇವೆ.

ಇನ್ನೊಂದು, ಕೀಮೋ ಆದವರಿಗೆ ಸೋಂಕಿನ ಭಯ ಇರೋದರಿಂದ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಿನ ತನಕ ಕಾಯೋ ಹಾಗಿಲ್ಲ. ಇಲ್ಲಿ ರಾತ್ರಿಯೂ ಸಿಬಿಸಿ (ರಕ್ತಕಣಗಳ ಎಣಿಕೆ), ಬ್ಲಡ್ ಕಲ್ಚರ್ (ರಕ್ತದಲ್ಲಿ ಸೋಂಕಿದೆಯೇ ಎಂದು ನೋಡುವ ಪರೀಕ್ಷೆ) ಮಾಡುವುದು ಎಲ್ಲಿ? ಪಪ್ಪಾಯಿ ಎಲೆ ರಸದ ಸಲಹೆ ಮಾತ್ರ ಬೇಡ, ದಯವಿಟ್ಟು.