‘ಆ್ಯಡ್’, ‘ಅಟ್ಯಾಚ್’ ಎರಡಕ್ಕೂ ‘ಸೇರಿಸು’ ಸಾಕೇ?

ಪ್ರಶ್ನೆ: ಡಿಸ್ಕ್‌ಗಳನ್ನು ನಿರ್ವಹಿಸುವ ಕಡತ ವ್ಯವಸ್ಥೆಯಾದ ಜೆಡ್‌ಎಫ್‌ಎಸ್‌ನ ಕೈಪಿಡಿಯ ಅನುವಾದದಲ್ಲಿ ‘ಜೆಡ್‌ಪೂಲ್ ಆ್ಯಡ್’, ‘ಜೆಡ್‌ಪೂಲ್ ಅಟ್ಯಾಚ್’ ಎರಡಕ್ಕೂ ‘ಡಿಸ್ಕ್ ಸೇರಿಸು’ ಎಂದೇ ಹಾಕಿದೆ. ಬೇರೆ ಪದ ಬೇಕೆ? ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲೂ ಇಡುವ ‘ಮಿರರ್’ಗೆ ‘ಪ್ರತಿಬಿಂಬ’ ಆದೀತೆ? ತಿಳಿದವರು ಹೇಳಬೇಕು.

ಉತ್ತರ: ಬೇರೆ ಪದ ಬೇಕೇ ಬೇಕು. ಡೇಟಾ ಇರುವ ಒಂಟಿ ಡಿಸ್ಕಿನ ಪೂಲ್‌ಗೆ (ಜೆಡ್‌ಎಫ್‌ಎಸ್ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಸಂಗ್ರಹ) ಇನ್ನೊಂದನ್ನು ಆ್ಯಡ್ ಮಾಡಿದರೆ ಮಿರರ್ ಆಗುವುದಿಲ್ಲ, ಅದಕ್ಕೆ ಅಟ್ಯಾಚ್ ಮಾಡಬೇಕು. ಆ್ಯಡ್ ಮಾಡಿದರೆ 4 ಟಿಬಿಗೆ 4 ಸೇರಿ 8 ಟಿಬಿ ಆಗುತ್ತದೆ, ಹೊಸ ಬರಹ ಎರಡರಲ್ಲೂ ಹಂಚಿಹೋಗುತ್ತದೆ, ಯಾವುದೊಂದು ಕೆಟ್ಟರೂ ಪೂಲ್ ಪೂರ್ತಿ ಹೋದಂತೆಯೇ. ಈಗಾಗಲೇ ಮಿರರ್ ಆಗಿರುವ ಪೂಲ್‌ಗೆ ಒಂಟಿ ಡಿಸ್ಕ್ ಆ್ಯಡ್ ಮಾಡಹೊರಟರೆ ಜೆಡ್‌ಎಫ್‌ಎಸ್ ತಕರಾರು ತೆಗೆಯುತ್ತದೆ. ಒಂಟಿಗೆ ಒಂಟಿಯಾದರೆ ಚಕಾರ ಎತ್ತುವುದಿಲ್ಲ. ಜನ ಎಡವುವುದು ಇಲ್ಲೇ.

ಆದ್ದರಿಂದ ಆ್ಯಡ್‌ಗೆ ‘ಕೂಡಿಸು’, ಅಟ್ಯಾಚ್‌ಗೆ ‘ಜೋಡಿ ಮಾಡು’ ಎನ್ನಬಹುದು. ಜೋಡಿ ಎಂದೊಡನೆ ‘ಯಾವುದಕ್ಕೆ, ಯಾವುದನ್ನು’ ಎಂದು ಕೇಳಲೇಬೇಕಾಗುತ್ತದೆ. ಆಜ್ಞೆಯೂ ಅದನ್ನೇ ಕೇಳುತ್ತದೆ: ಪೂಲ್‌ನ ಹೆಸರು, ಹಳೆಯ ಡಿಸ್ಕ್, ಹೊಸ ಡಿಸ್ಕ್, ಇದೇ ಅನುಕ್ರಮ. ಚತುರ್ಥಿಯಲ್ಲಿರುವ ಡಿಸ್ಕಿನ ಡೇಟಾ ಉಳಿಯುತ್ತದೆ, ದ್ವಿತೀಯೆಯಲ್ಲಿರುವುದರ ಮೇಲೆ ಏನಿದ್ದರೂ ಅಳಿಯುತ್ತದೆ. ವಿಭಕ್ತಿ ಇಷ್ಟು ಉಪಯೋಗಕ್ಕೆ ಬರುವುದು ಅಪರೂಪ!

ಕೈಪಿಡಿಯಲ್ಲಿ ಇವೂ ಇರಲಿ. ಮೊದಲು ಬ್ಯಾಕಪ್. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ಲಿನಕ್ಸ್ ಡಿಸ್ಕಿಗೆ ಕೊಡುವ ‘ಎಸ್‌ಡಿಬಿ’ಯಂಥ ಹೆಸರು ಬೂಟ್ ಆದಾಗ ಅದಲುಬದಲಾಗಬಹುದು, ಸೀರಿಯಲ್ ಸಂಖ್ಯೆ ಇರುವ ಹೆಸರನ್ನೇ ಕೊಡಿ. ಆಮೇಲೆ ‘ಜೆಡ್‌ಪೂಲ್ ಸ್ಟೇಟಸ್’ ನೋಡಿ: ‘ಮಿರರ್-0’ ಎಂಬ ಸಾಲಿನ ಕೆಳಗೆ ಎರಡೂ ಡಿಸ್ಕ್ ಇದ್ದರೆ ಸರಿ, ಆ ಸಾಲೇ ಇಲ್ಲದಿದ್ದರೆ ಕೂಡಿಸಿಬಿಟ್ಟಿದ್ದೀರಿ ಎಂದರ್ಥ. ಹಾಗಾದಾಗ ‘ಜೆಡ್‌ಪೂಲ್ ರಿಮೂವ್’ ಕೆಲಸಕ್ಕೆ ಬರುತ್ತದೆ, ಆದರೆ ಓಪನ್‌ಜೆಡ್‌ಎಫ್‌ಎಸ್ 0.8 ಅಥವಾ ಅದರ ಮುಂದಿನದು ಬೇಕು. ರಿಸಿಲ್ವರ್ (ಹೊಸ ಡಿಸ್ಕಿಗೆ ಡೇಟಾ ನಕಲಾಗುವುದು) ಮುಗಿಯುವವರೆಗೆ ಹಳೆಯ ಡಿಸ್ಕ್ ಕಳಚಬೇಡಿ, ಮುಗಿದ ಮೇಲೆ ಒಮ್ಮೆ ಸ್ಕ್ರಬ್ (ಡೇಟಾ ಪೂರ್ತಿ ಓದಿ ತಪ್ಪು ಹುಡುಕುವುದು) ಮಾಡಿ. ಬೂಟ್ ಡಿಸ್ಕ್ ಆಗಿದ್ದರೆ ಬೂಟ್‌ಲೋಡರ್ ತಾನಾಗಿ ನಕಲಾಗುವುದಿಲ್ಲ, ಅದನ್ನು ಬೇರೆ ಹಾಕಬೇಕು.

ಇಂಗ್ಲಿಷ್ ಪದವನ್ನೇ ನಂಬಿ ಪಟ್ಟಿ ಮಾಡಬೇಡಿ. ಲಿನಕ್ಸ್‌ನಲ್ಲಿ ಡಿಸ್ಕ್‌ಗಳನ್ನು ಜೋಡಿಸುವ ಇನ್ನೊಂದು ಸಾಧನವಾದ ಎಂಡಿಎಡಿಎಂನಲ್ಲಿ ಮಿರರ್‌ನ ಖಾಲಿ ಜಾಗ ತುಂಬುವುದೇ ‘ಆ್ಯಡ್’. ಅಲ್ಲಿ ಅದು ‘ಜೋಡಿ ಮಾಡು’. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಕಡತ ವ್ಯವಸ್ಥೆಯಲ್ಲಿ ‘ಡಿವೈಸ್ ಆ್ಯಡ್’ ಬರೀ ಕೂಡಿಸುವುದು, ಮಿರರ್ ಆಗಲು ಆಮೇಲೆ ‘ಬ್ಯಾಲೆನ್ಸ್’ ಮೂಲಕ ಡೇಟಾ, ಮೆಟಾಡೇಟಾ ಎರಡನ್ನೂ ರೇಡ್1ಕ್ಕೆ (ಮಿರರ್ ವಿಧಾನಕ್ಕೆ) ಬದಲಿಸಬೇಕು.

‘ಪ್ರತಿಬಿಂಬ’ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಒಂದು ಮೂಲ, ಇನ್ನೊಂದು ನಕಲು ಎಂಬ ಧ್ವನಿಯಿದೆ. ಇಲ್ಲಿ ಎರಡೂ ಸಮ. ಕಡತ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ‘ಮಿರರ್’ ಎಂದೇ ಬಿಡಿ.